ಕಷ್ಟ ಇರೋದು ಸಬ್ಜೆಕ್ಟ್‌ನಲ್ಲಿ, ಹುಡುಗರಲ್ಲಲ್ಲ

20ಕ್ಕೆ 18 ಕೂಡಿಸಿದರೆ 38. ಇಷ್ಟು ಲೆಕ್ಕ ಬಾರದವರು ಯಾರೂ ಇಂಜಿನಿಯರಿಂಗ್‌ಗೆ ಬಂದಿರಲ್ಲ. ಆದರೆ ಈ 38 ಅಂದ್ರೆ ಫೇಲ್ ಅಂತ ಮೊದಲ ಸೆಮ್ ರಿಸಲ್ಟ್ ಬರೋವರೆಗೂ ಗೊತ್ತಿಲ್ಲದೇ ಇರೋರು ಇರ್ತಾರೆ.

ವಿಷಯ ಹೀಗಿದೆ. ನಾವು ಓದಿದ ವಿಟಿಯು 2022ರ ಸ್ಕೀಮ್‌ನಲ್ಲಿ ಥಿಯರಿ ಸಬ್ಜೆಕ್ಟ್‌ಗೆ ಸಿಐಇ ಅಂದ್ರೆ ಕಾಲೇಜಿನಲ್ಲೇ ಕೊಡೋ ಅಂಕ 50. ಸೆಮ್ ಕೊನೆಯ ಪರೀಕ್ಷೆ ಎಸ್‌ಇಇ. ಅದನ್ನ 100ಕ್ಕೆ ಬರೀತೀವಿ, 50ಕ್ಕೆ ಇಳಿಸ್ತಾರೆ. ಸಿಐಇಯಲ್ಲಿ ಕನಿಷ್ಠ 20 ಬೇಕು. ಎಸ್‌ಇಇಯಲ್ಲಿ ಕನಿಷ್ಠ 18 ಬೇಕು. ಎರಡೂ ಕಡೆ ಕನಿಷ್ಠ ಬಂತು, ಸದ್ಯ ಪಾರಾದೆ ಅಂದುಕೊಂಡರೆ ಆಗಲ್ಲ. ಯಾಕಂದ್ರೆ ಎರಡೂ ಸೇರಿ 40 ಆಗಬೇಕು. ಸಿಐಇಯಲ್ಲಿ ಬರೀ 20 ಇಟ್ಟುಕೊಂಡವರು ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 40 ತೆಗೀಲೇಬೇಕು, 35 ಸಾಕಾಗಲ್ಲ.

ಇದೇನು ಗುಟ್ಟಲ್ಲ. ನಿಯಮದಲ್ಲಿ ಬರೆದಿದೆ, ಓರಿಯೆಂಟೇಶನ್ ದಿನ ಪಿಪಿಟಿಯಲ್ಲಿ ತೋರಿಸಿಯೂ ಇರ್ತಾರೆ. ಆದರೆ ಆ ದಿನ ನಮ್ಮ ತಲೆಯಲ್ಲಿ ಇರೋದು ಹಾಸ್ಟೆಲ್ ರೂಮು, ಐಡಿ ಕಾರ್ಡು, ಪಕ್ಕದಲ್ಲಿ ಕೂತವರ ಹೆಸರು. ಆಮೇಲೆ ಯಾವತ್ತೋ ಕ್ಯಾಂಟೀನ್‌ನಲ್ಲಿ ಒಬ್ಬ ಸೀನಿಯರ್ ಹೇಳಿದಾಗಲೇ ಅದು ತಲೆಗೆ ಹೋಗೋದು. ಅಣ್ಣನೋ ಅಕ್ಕನೋ ಇಂಜಿನಿಯರಿಂಗ್ ಓದಿರೋ ಮನೆಯವರಿಗೆ ಇಂಥ ಮಾತು ಊಟದ ಹೊತ್ತಲ್ಲೇ ಸಿಗುತ್ತೆ. ಬೆಂಗಳೂರಿನ ದೊಡ್ಡ ಪಿಯು ಕಾಲೇಜಿಂದ ಬಂದವರಿಗೆ ಅದೇ ಕಾಲೇಜಿನ ಸೀನಿಯರ್ಸ್ ಇಲ್ಲೂ ಇರ್ತಾರೆ. ತಾಲ್ಲೂಕಿನಿಂದ ಒಬ್ಬರೇ ಬಂದವರಿಗೆ?

ಪಿಯರ್ ಮೆಂಟರಿಂಗ್ ಅಂದ್ರೆ ಇಷ್ಟೇ: ಅದೃಷ್ಟಕ್ಕೆ ಬಿಟ್ಟಿರೋದನ್ನ ಏರ್ಪಾಡು ಮಾಡೋದು. ಒಂದು ವರ್ಷ ಮುಂದೆ ಇರೋರು ಹಿಂದೆ ಬರೋರ ಜೊತೆ ವಾರಕ್ಕೆ ಒಂದೆರಡು ಸಲ ಕೂರೋದು. ಈ ಲೇಖನದಲ್ಲಿ ನಾನು ಹೇಳಬೇಕು ಅಂತಿರೋದು ಒಂದೇ ಮಾತು. ಇದನ್ನ 'ವೀಕ್ ಸ್ಟೂಡೆಂಟ್ಸ್‌ಗೆ ಸಹಾಯ' ಅಂತ ಶುರು ಮಾಡಿದರೆ ನಡೆಯಲ್ಲ. 'ಕಷ್ಟದ ಸಬ್ಜೆಕ್ಟ್‌ಗೆ ಎಲ್ಲರೂ ಸೇರಿ ಕೂರೋಣ' ಅಂತ ಶುರು ಮಾಡಿದರೆ ನಡೆಯುತ್ತೆ. ಯಾಕೆ ಅಂತ ನೋಡೋಣ.

ಪಟ್ಟಿಯಲ್ಲಿ ಹೆಸರು

ಮೊದಲ ಇಂಟರ್ನಲ್ಸ್ ಆದ ಮೇಲೆ ಎಷ್ಟೋ ಕಾಲೇಜುಗಳಲ್ಲಿ ಒಂದು ಪಟ್ಟಿ ತಯಾರಾಗುತ್ತೆ. ಕಡಿಮೆ ಅಂಕ ಬಂದವರ ಹೆಸರು, ಮೇಲೆ 'ಸ್ಲೋ ಲರ್ನರ್ಸ್' ಅನ್ನೋ ತಲೆಬರಹ. ಈ ಪದವನ್ನ ನಮ್ಮ ಲೆಕ್ಚರರ್‌ಗಳು ಕಂಡುಹಿಡಿದದ್ದಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನ ಕೈಪಿಡಿಯಲ್ಲೇ ಅದು ಇತ್ತು. ಸ್ಲೋ ಲರ್ನರ್ಸ್‌ಗೆ, ಅಡ್ವಾನ್ಸ್ಡ್ ಲರ್ನರ್ಸ್‌ಗೆ ಏನೇನು ಮಾಡ್ತೀರಿ ಅಂತ ಕೇಳ್ತಿದ್ದರು. ಉದ್ದೇಶ ಒಳ್ಳೆಯದೇ. ಪಟ್ಟಿಯಲ್ಲಿ ಇರೋರಿಗೆ ರೆಮಿಡಿಯಲ್ ಕ್ಲಾಸ್ ಇಡ್ತಾರೆ.

ನನಗೆ ಪರಿಚಯದ ಒಬ್ಬಳು ಬೇರೆ ಒಂದು ಕಾಲೇಜಿನಲ್ಲಿ ಸೇರಿದ್ದಳು. ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ, ಅವರ ಶಾಲೆಗೇ ಮೊದಲು. ಮೊದಲ ಇಂಟರ್ನಲ್ಸ್‌ನಲ್ಲಿ ಮ್ಯಾಥ್ಸ್ ಕೈಕೊಟ್ಟಿತು, ಪಟ್ಟಿಯಲ್ಲಿ ಹೆಸರು ಬಂತು. ಪಟ್ಟಿ ಹಾಕಿದ್ದು ನೋಟಿಸ್ ಬೋರ್ಡಿನ ಮೇಲೆ. ಅವಳು ರೆಮಿಡಿಯಲ್ ಕ್ಲಾಸಿಗೆ ಒಂದು ದಿನವೂ ಹೋಗಲಿಲ್ಲ. ಹೋದರೆ ಆ ಹೆಸರನ್ನ ಒಪ್ಪಿಕೊಂಡ ಹಾಗೆ ಆಗುತ್ತೆ ಅಂದಳು. ಆ ನೋಟಿಸ್ ಬೋರ್ಡ್ ಇರೋ ಕಾರಿಡಾರ್‌ನಲ್ಲಿ ನಡೆಯೋದನ್ನೂ ಬಿಟ್ಟಳು, ಸುತ್ತು ಹಾಕಿಕೊಂಡು ಲ್ಯಾಬ್‌ಗೆ ಹೋಗ್ತಿದ್ದಳು. ಮೊದಲ ಸೆಮ್ ಮುಗಿದ ಮೇಲೆ ಟಿಸಿ ತಗೊಂಡು ಊರಿಗೆ ಹೋದಳು. ಈಗ ಅಲ್ಲೇ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಓದ್ತಾ ಇದ್ದಾಳೆ. ಮ್ಯಾಥ್ಸೇ ತಗೊಂಡಿದ್ದಾಳೆ, ಚೆನ್ನಾಗಿಯೇ ಮಾಡ್ತಿದ್ದಾಳೆ.

ಅವಳಿಗೆ ಮ್ಯಾಥ್ಸ್ ಬರ್ತಿರಲಿಲ್ಲ ಅನ್ನೋ ಹಾಗಿಲ್ಲ. ಕ್ಲಾಸ್ ಇಟ್ಟಿರಲಿಲ್ಲ ಅನ್ನೋ ಹಾಗೂ ಇಲ್ಲ. ಕ್ಲಾಸ್ ಇತ್ತು, ಆದರೆ ಅದರ ಬಾಗಿಲ ಮೇಲೆ ಬರೆದಿದ್ದ ಹೆಸರಿನಿಂದಾಗಿ ಒಳಗೆ ಹೋಗೋಕೆ ಆಗಲಿಲ್ಲ.

1973ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ

ಇದೇ ಸಮಸ್ಯೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್‌ನಲ್ಲೂ ಬಂತು. ಅಲ್ಲಿ ಮೆಡಿಕಲ್, ಡೆಂಟಲ್ ಥರದ ಆರೋಗ್ಯ ವಿಜ್ಞಾನದ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ಅರ್ಧಕ್ಕೇ ಬಿಟ್ಟು ಹೋಗ್ತಿದ್ದರು. ಡಿಯಾನಾ ಮಾರ್ಟಿನ್ ಅನ್ನೋರು 1973ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಅದರ ಹೆಸರು ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್, ಚಿಕ್ಕದಾಗಿ ಎಸ್‌ಐ. ಆಮೇಲೆ ಇದು ಬೇರೆ ದೇಶಗಳಿಗೂ ಹೋಯಿತು. ಆಸ್ಟ್ರೇಲಿಯಾದಲ್ಲಿ ಇದನ್ನೇ ಪಾಸ್ ಅನ್ನೋ ಹೆಸರಲ್ಲಿ ನಡೆಸ್ತಾರೆ.

ಮಾರ್ಟಿನ್ ಮಾಡಿದ ಮುಖ್ಯ ಕೆಲಸ ಒಂದೇ. 'ಅಪಾಯದಲ್ಲಿರೋ ವಿದ್ಯಾರ್ಥಿಗಳು' ಯಾರು ಅಂತ ಹುಡುಕೋದನ್ನ ಬಿಟ್ಟರು. 'ಅಪಾಯದ ಕೋರ್ಸ್' ಯಾವುದು ಅಂತ ಹುಡುಕಿದರು. ಒಂದು ಕೋರ್ಸ್‌ನಲ್ಲಿ ಶೇಕಡಾ 30ರಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ತೀರಾ ಕೆಳಗಿನ ಗ್ರೇಡ್ ತಗೊಂಡರೆ, ಫೇಲ್ ಆದರೆ ಅಥವಾ ಮಧ್ಯೆ ಬಿಟ್ಟರೆ, ಆ ಕೋರ್ಸ್ ಕಷ್ಟದ್ದು. ಅದಕ್ಕೆ ಎಸ್‌ಐ ಗುಂಪು ಇಡೋದು, ಆ ಕೋರ್ಸ್‌ನ ಎಲ್ಲರಿಗೂ ಬಾಗಿಲು ತೆರೆದಿಡೋದು. ಹೀಗಾದರೆ ಗುಂಪಿಗೆ ಬರೋನು ದಡ್ಡ ಅಂತ ಯಾರೂ ಅನ್ನೋ ಹಾಗಿಲ್ಲ. ಕ್ಲಾಸ್ ಟಾಪರ್ ಕೂಡ ಅಲ್ಲೇ ಕೂತಿರ್ತಾನೆ. ಇನ್ನೊಂದು ಲಾಭ ಇದೆ: ಇಂಟರ್ನಲ್ಸ್‌ನಲ್ಲಿ ಯಾರಾದರೂ ಮುಗ್ಗರಿಸಲಿ ಅಂತ ಕಾಯಬೇಕಾಗಿಲ್ಲ. ಮೊದಲ ವಾರವೇ ಶುರು ಮಾಡಬಹುದು.

ಗುಂಪು ನಡೆಸೋ ಸೀನಿಯರ್‌ನ 'ಲೀಡರ್' ಅಂತಾರೆ, ಟೀಚರ್ ಅನ್ನಲ್ಲ. ಆ ಕೋರ್ಸ್‌ನ ಮೊದಲೇ ಮುಗಿಸಿ ಒಳ್ಳೆ ಗ್ರೇಡ್ ತಗೊಂಡವರೇ ಆಗಿರಬೇಕು. ಅಷ್ಟೇ ಅಲ್ಲ, ಅವರು ಜೂನಿಯರ್‌ಗಳ ಜೊತೆ ಮತ್ತೆ ಅದೇ ಕ್ಲಾಸ್‌ನಲ್ಲಿ ಕೂತು ನೋಟ್ಸ್ ಮಾಡ್ಕೋತಾರೆ. ಈ ವಾರ ಏನು ಪಾಠ ಆಯಿತು, ಎಲ್ಲಿ ಸ್ಪೀಡ್ ಜಾಸ್ತಿ ಆಯಿತು ಅಂತ ಅವರಿಗೆ ಕಣ್ಣಾರೆ ಗೊತ್ತಿರುತ್ತೆ. ಗುಂಪಿನಲ್ಲಿ ಅವರು ಪಾಠವನ್ನ ಇನ್ನೊಂದು ಸಲ ಮಾಡೋದಿಲ್ಲ. ಒಬ್ಬರು ಡೌಟ್ ಕೇಳಿದರೆ ತಕ್ಷಣ ಉತ್ತರ ಕೊಡದೆ 'ಇದಕ್ಕೆ ಯಾರಿಗೆ ಏನು ಹೊಳೀತು?' ಅಂತ ಉಳಿದವರ ಕಡೆ ತಿರುಗಿಸ್ತಾರೆ. ಚಾಕ್‌ಪೀಸ್ ಜೂನಿಯರ್ ಕೈಯಲ್ಲಿ ಇರುತ್ತೆ.

ಬರ್ಕ್ಲಿಯಲ್ಲಿ ಕಂಡದ್ದು

ಎರಡನೇ ಉದಾಹರಣೆ ಕ್ಯಾಲ್ಕುಲಸ್‌ನದು. 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಓದ್ತಿದ್ದರು. ಅಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಹೆಚ್ಚಾಗಿ ಫೇಲ್ ಆಗ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡ್ತಿದ್ದರು. ಯಾಕೆ ಅಂತ ಅಧ್ಯಾಪಕರನ್ನ ಕೇಳಿದರೆ ನಾಲ್ಕು ಕಾರಣ ಬಂದವು: ಆಸಕ್ತಿ ಕಡಿಮೆ, ಹಿಂದಿನ ತಯಾರಿ ಸಾಲದು, ಮನೆಯವರ ಬೆಂಬಲ ಇಲ್ಲ, ಬಡತನ. ಈ ನಾಲ್ಕು ಕಾರಣಗಳನ್ನ ನಾವೂ ಕೇಳಿದ್ದೀವಿ, ಬೇರೆಯವರ ಬಗ್ಗೆ.

ಟ್ರೈಸ್‌ಮನ್ ಆ ಕಾರಣಗಳನ್ನ ಹಾಗೇ ನಂಬಲಿಲ್ಲ. ಎರಡೂ ಕಡೆಯಿಂದ 20-20 ವಿದ್ಯಾರ್ಥಿಗಳನ್ನ ಆರಿಸಿಕೊಂಡು ಅವರು ಹೇಗೆ ಓದ್ತಾರೆ ಅಂತ ಜೊತೆಗೇ ಇದ್ದು ನೋಡಿದರು. ನಾಲ್ಕೂ ಕಾರಣ ನಿಲ್ಲಲಿಲ್ಲ. ಕಂಡ ವ್ಯತ್ಯಾಸ ಬೇರೆ. ಫೇಲ್ ಆಗ್ತಿದ್ದವರು ಶಿಸ್ತಾಗಿ ಓದ್ತಿದ್ದರು, ವಾರಕ್ಕೆ ಸುಮಾರು 8 ಗಂಟೆ. ಆದರೆ ಒಬ್ಬೊಬ್ಬರೇ ಕೂತು. ಚೆನ್ನಾಗಿ ಮಾಡ್ತಿದ್ದವರು ಸುಮಾರು 14 ಗಂಟೆ ಕೊಡ್ತಿದ್ದರು. ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ಸಂಜೆ ಊಟದ ಜೊತೆಗೆ ಒಟ್ಟಿಗೆ ಕೂತು ಉತ್ತರ ತಾಳೆ ನೋಡ್ತಿದ್ದರು, ಹಳೇ ಪ್ರಶ್ನೆಪತ್ರಿಕೆ ಬಿಡಿಸ್ತಿದ್ದರು.

ಒಟ್ಟಿಗೆ ಕೂರೋದರಿಂದ ಏನಾಗುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಒಂದು ಲೆಕ್ಕದಲ್ಲಿ ಉಳಿದವರೆಲ್ಲರ ಉತ್ತರ ಒಂದು, ನನ್ನದು ಬೇರೆ ಅಂದ್ರೆ ತಪ್ಪು ನನ್ನ ಸ್ಟೆಪ್‌ನಲ್ಲಿದೆ, ಹುಡುಕಬೇಕು. ಯಾರಿಗೂ ಬರಲಿಲ್ಲ ಅಂದ್ರೆ ಲೆಕ್ಕವೇ ಕಷ್ಟದ್ದು, ನಾನು ದಡ್ಡಿಯಲ್ಲ. ರೂಮಿನಲ್ಲಿ ಒಬ್ಬಳೇ ಕೂತವಳಿಗೆ ಈ ಎರಡರ ವ್ಯತ್ಯಾಸ ಗೊತ್ತಾಗೋ ದಾರಿಯೇ ಇಲ್ಲ. ಬಾರದ ಪ್ರತಿಯೊಂದು ಲೆಕ್ಕವೂ 'ನನಗೆ ಇಂಜಿನಿಯರಿಂಗ್ ಆಗಿಬರಲ್ಲ' ಅಂತಲೇ ಹೇಳಿದ ಹಾಗೆ ಕೇಳುತ್ತೆ.

ಟ್ರೈಸ್‌ಮನ್ ಆಮೇಲೆ ವರ್ಕ್‌ಶಾಪ್ ಶುರು ಮಾಡಿದರು. ಅದನ್ನ ರೆಮಿಡಿಯಲ್ ಅಂತ ಕರೀಲಿಲ್ಲ. ಪಠ್ಯಕ್ಕಿಂತ ಸುಲಭದ ಲೆಕ್ಕ ಕೊಡಲಿಲ್ಲ, ಕಷ್ಟದ್ದೇ ಕೊಟ್ಟರು, ಗುಂಪಿನಲ್ಲಿ ಬಿಡಿಸೋಕೆ ಹೇಳಿದರು. ಆ ಗುಂಪಿನವರ ಫಲಿತಾಂಶ ತುಂಬಾನೇ ಮೇಲೆ ಬಂತು. 'ಇವರಿಗೆ ಇಷ್ಟೇ ಸಾಕು' ಅಂತ ಕೆಳಗಿಳಿಸದೆ 'ಇವರಿಗೆ ಇದೂ ಆಗುತ್ತೆ' ಅಂತ ಮೇಲಿಟ್ಟರು. ನಮ್ಮಲ್ಲಿ ರೆಮಿಡಿಯಲ್ ಅಂದ ತಕ್ಷಣ 'ಪಾಸಿಂಗ್ ಪ್ಯಾಕೇಜ್', ಹತ್ತು ಇಂಪಾರ್ಟೆಂಟ್ ಪ್ರಶ್ನೆ ಅಂತ ಹಂಚ್ತೀವಲ್ಲ, ಅದರ ಸರಿಯಾದ ಉಲ್ಟಾ ಇದು.

ಅಂಕ ಬದಲಾಗದೇ ಇದ್ದರೂ

ಇಲ್ಲಿ ಒಂದು ಅನುಮಾನ ಬರಬೇಕು. ಇಂಥ ಗುಂಪಿಗೆ ತಾವಾಗಿಯೇ ಬರೋರು ಮೊದಲೇ ಶ್ರದ್ಧೆ ಇರೋರು. ಅವರಿಗೆ ಅಂಕ ಜಾಸ್ತಿ ಬಂದರೆ ಅದು ಗುಂಪಿನಿಂದ ಬಂತೋ ಶ್ರದ್ಧೆಯಿಂದ ಬಂತೋ? ಇಂಜಿನಿಯರಿಂಗ್ ಓದೋ ನಾವು ಈ ಪ್ರಶ್ನೆ ಕೇಳಲೇಬೇಕು. ಉತ್ತರ ಬೇಕಂದ್ರೆ ಯಾರಿಗೆ ಮೆಂಟರ್, ಯಾರಿಗೆ ಇಲ್ಲ ಅಂತ ಚೀಟಿ ಎತ್ತಿದ ಹಾಗೆ ಹಂಚಿ ನೋಡಬೇಕು.

ಹಾಗೇ ಮಾಡಿದವರು ಟಾರಾ ಡೆನ್ನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್‌ನಲ್ಲಿ ಇಂಜಿನಿಯರಿಂಗ್‌ಗೆ ಸೇರಿದ 150 ಹುಡುಗಿಯರನ್ನ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸೀನಿಯರ್ ಹುಡುಗಿ ಮೆಂಟರ್, ಇನ್ನೊಂದಕ್ಕೆ ಸೀನಿಯರ್ ಹುಡುಗ ಮೆಂಟರ್, ಮೂರನೆಯದಕ್ಕೆ ಮೆಂಟರ್ ಇಲ್ಲ. ಫಲಿತಾಂಶ 2017ರಲ್ಲಿ ಪ್ರಕಟ ಆಯಿತು. ಮೊದಲ ವರ್ಷದ ಕೊನೆಗೆ, ಸೀನಿಯರ್ ಹುಡುಗಿ ಮೆಂಟರ್ ಆಗಿದ್ದ ಗುಂಪಿನಲ್ಲಿ ಎಲ್ಲರೂ ಇಂಜಿನಿಯರಿಂಗ್‌ನಲ್ಲೇ ಉಳಿದಿದ್ದರು. ಮೆಂಟರ್ ಇಲ್ಲದ ಗುಂಪಿನಲ್ಲಿ ಶೇಕಡಾ 11, ಹುಡುಗ ಮೆಂಟರ್ ಇದ್ದ ಗುಂಪಿನಲ್ಲಿ ಶೇಕಡಾ 18 ಬಿಟ್ಟು ಹೋಗಿದ್ದರು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಮೂರು ಗುಂಪುಗಳ ಅಂಕಗಳಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅಂದ್ರೆ ಮೆಂಟರ್ ಬಂದಿದ್ದಕ್ಕೆ ಅಂಕ ಏರಿ ಅವರು ಉಳಿದದ್ದಲ್ಲ. 'ಇದು ನನ್ನ ಜಾಗ, ನನಗೆ ಇದು ಆಗುತ್ತೆ' ಅನ್ನೋ ಭಾವನೆ ಉಳೀತು, ಅದಕ್ಕೆ ಅವರೂ ಉಳಿದರು. ಹಾಗಾಗಿ ಮೆಂಟರ್ ಕೆಲಸ ಬರೀ ಲೆಕ್ಕ ಹೇಳಿಕೊಡೋದಲ್ಲ. ನನ್ನ ಥರದವರೇ ಒಬ್ಬರು ಇದೇ ದಾರಿಯಲ್ಲಿ ಒಂದು ವರ್ಷ ಮುಂದೆ ನಡೀತಿದ್ದಾರೆ ಅಂತ ಕಣ್ಣಿಗೆ ಕಾಣಿಸೋದೇ ಅರ್ಧ ಕೆಲಸ.

ಇದರಿಂದ ನನ್ನದೊಂದು ಊಹೆ, ಬರೀ ಊಹೆ. ಕನ್ನಡ ಮೀಡಿಯಂನಿಂದ ಬಂದು ಮೊದಲ ವರ್ಷ ದಾಟಿದ ಸೀನಿಯರ್ ಒಬ್ಬರು ಮೆಂಟರ್ ಆದರೆ, ಅದು ನನ್ನಂಥ ಇಂಗ್ಲಿಷ್ ಮೀಡಿಯಂ ಮೆಂಟರ್‌ಗಿಂತ ಕೆಲವರಿಗೆ ಜಾಸ್ತಿ ಧೈರ್ಯ ಕೊಡುತ್ತೆ.

ನಿಯಮ ನಮ್ಮಲ್ಲೂ ಇದೆ

ಇದೆಲ್ಲ ಅಮೆರಿಕದ ಕಥೆ, ನಮಗೆ ಹೊಂದಲ್ಲ ಅನ್ನೋರಿಗೆ ಒಂದು ವಿಷಯ. ರ‍್ಯಾಗಿಂಗ್ ತಡೆಯೋಕೆ ಯುಜಿಸಿ 2009ರಲ್ಲಿ ತಂದ ನಿಯಮಾವಳಿ ಎಲ್ಲರಿಗೂ ಗೊತ್ತು. ಅಡ್ಮಿಷನ್ ಸಮಯದಲ್ಲಿ ಅಂಡರ್‌ಟೇಕಿಂಗ್‌ಗೆ ನಾವೂ ಸಹಿ ಹಾಕಿದ್ದೀವಿ, ಅಪ್ಪ ಅಮ್ಮನೂ ಹಾಕಿದ್ದಾರೆ. ಆದರೆ ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ. ಪ್ರತಿ ಸಂಸ್ಥೆಯೂ ವರ್ಷದ ಕೊನೆಗೆ ಒಂದು ಮೆಂಟರಿಂಗ್ ಸೆಲ್ ಮಾಡಬೇಕು. ಮುಂದಿನ ವರ್ಷ ಬರೋರಿಗೆ ಮೆಂಟರ್ ಆಗ್ತೀವಿ ಅಂತ ತಾವಾಗಿ ಮುಂದೆ ಬಂದ ವಿದ್ಯಾರ್ಥಿಗಳು ಅದರಲ್ಲಿ ಇರಬೇಕು. ಲೆಕ್ಕವೂ ಕೊಟ್ಟಿದ್ದಾರೆ: ಹೊಸಬರು 6 ಜನಕ್ಕೆ ಒಬ್ಬ ಮೆಂಟರ್, ಅಂಥ 6 ಮೆಂಟರ್‌ಗಳಿಗೆ ಮೇಲಿನ ಬ್ಯಾಚ್‌ನ ಒಬ್ಬ ಮೆಂಟರ್.

ಸೀನಿಯರ್ ಅಂದ್ರೆ ದೂರ ಇರಬೇಕಾದವನು ಅಂತ ಹೇಳೋ ನಿಯಮವೇ, ಸೀನಿಯರ್ ಹತ್ತಿರ ಬರಬೇಕಾದ ದಾರಿಯನ್ನೂ ಹೇಳಿದೆ. ನಾವು ಮೊದಲ ಅರ್ಧ ಓದಿ, ಎರಡನೇ ಅರ್ಧ ಮರೆತಿದ್ದೀವಿ. ರ‍್ಯಾಗಿಂಗ್ ಭಯದಿಂದ ಜೂನಿಯರ್‌ಗಳ ಜೊತೆ ಮಾತೇ ಬೇಡ ಅನ್ನೋ ಪರಿಸ್ಥಿತಿ ಎಷ್ಟೋ ಕಡೆ ಇದೆ. ಭಯ ಸುಳ್ಳಲ್ಲ. ಅದಕ್ಕೇ ಮೆಂಟರಿಂಗ್ ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ನಡೆಯಬಾರದು. ಬಾಗಿಲು ತೆರೆದ ಕ್ಲಾಸ್‌ರೂಮಿನಲ್ಲಿ, ಟೈಮ್‌ಟೇಬಲ್ ಹಾಕಿ, ಒಬ್ಬ ಲೆಕ್ಚರರ್‌ಗೆ ಗೊತ್ತಿರೋ ಹಾಗೆ ನಡೆಯಬೇಕು.

ಕನ್ನಡ ಸಂಘಕ್ಕೆ ಇಲ್ಲೇನು ಕೆಲಸ?

ಕನ್ನಡ ಸಂಘ ಅಂದ್ರೆ ರಾಜ್ಯೋತ್ಸವ, ಬಾವುಟ, ಡೊಳ್ಳು ಅಷ್ಟೇ ಅಂತ ಅಂದುಕೊಂಡವರು ಇದ್ದಾರೆ. ಆದರೆ ಮೊದಲ ವರ್ಷದ ಕಷ್ಟದಲ್ಲಿ ಭಾಷೆಗೆ ನೇರ ಪಾಲು ಇದೆ.

ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಮುಗಿಸಿದವರು ಪಿಯು ಸೈನ್ಸ್‌ಗೆ ಬಂದಾಗಲೇ ಇಂಗ್ಲಿಷ್‌ಗೆ ತಿರುಗಿರ್ತಾರೆ. ಎರಡು ವರ್ಷದಲ್ಲಿ ಪದಗಳು ಬಂದಿರ್ತವೆ. ವೇಗೋತ್ಕರ್ಷ ಅಂದ್ರೆ ಆಕ್ಸಲರೇಶನ್, ಘರ್ಷಣೆ ಅಂದ್ರೆ ಫ್ರಿಕ್ಷನ್, ಇದು ಯಾರಿಗೂ ತೊಂದರೆ ಕೊಡಲ್ಲ. ತೊಂದರೆ ಕೊಡೋದು ಚಿಕ್ಕ ಪದಗಳು. ಉದಾಹರಣೆಗೆ ಮ್ಯಾಥ್ಸ್ ಪೇಪರ್‌ನಲ್ಲಿ ಬರೋ 'ಹೆನ್ಸ್'. ಅದನ್ನ 'ಆದ್ದರಿಂದ' ಅಂತ ಓದಿಕೊಂಡರೆ ಅರ್ಥ ಸರಿ, ಆದರೆ ಸೂಚನೆ ತಪ್ಪಿಹೋಗುತ್ತೆ. ಪ್ರಶ್ನೆಯಲ್ಲಿ 'ಹೆನ್ಸ್' ಅಂದ್ರೆ 'ಈಗ ತಾನೇ ಮಾಡಿದ್ದನ್ನೇ ಬಳಸಿಕೋ, ಹೊಸದಾಗಿ ಶುರು ಮಾಡಬೇಡ' ಅಂತ. 'ಇವ್ಯಾಲ್ಯುಯೇಟ್' ಅಂದ್ರೆ ಬೆಲೆ ಕಂಡುಹಿಡಿ, ಬರೀ ಸೂತ್ರ ಬರೆದರೆ ಸಾಲದು. ಇದನ್ನ ಯಾವ ಪುಸ್ತಕವೂ ಪಾಠ ಅಂತ ಹೇಳಿಕೊಡಲ್ಲ.

ಕಳೆದ ಸೆಮ್‌ನ ಒಂದು ಬುಧವಾರ ನಮ್ಮ ಗುಂಪಿನಲ್ಲಿ ಇದೇ ನಡೀತು. ಲೆಕ್ಕ ಎಲ್ಲರಿಗೂ ಗೊತ್ತಿರೋದೇ: ಲಾಗ್ ಒನ್ ಪ್ಲಸ್ ಎಕ್ಸ್‌ಗೆ ಮೆಕ್ಲಾರಿನ್ ಸೀರೀಸ್ ಬರೆಯಿರಿ, ಹೆನ್ಸ್, ಲಾಗ್ ಆಫ್ ರೂಟ್ ಒನ್ ಪ್ಲಸ್ ಎಕ್ಸ್ ಬೈ ಒನ್ ಮೈನಸ್ ಎಕ್ಸ್ ಕಂಡುಹಿಡಿಯಿರಿ. ಮೊದಲ ಭಾಗ ಎಲ್ಲರೂ ಮಾಡಿದರು. ಎರಡನೆಯದಕ್ಕೆ ರಾಯಚೂರು ಕಡೆಯ ಒಬ್ಬ ಹುಡುಗ ಮತ್ತೆ ಮೊದಲಿಂದ ಡೆರಿವೇಟಿವ್ ತೆಗೀತಾ ಕೂತಿದ್ದ. ರೂಟ್ ಇದೆ, ಕೆಳಗೆ ಭಾಗಾಕಾರ ಇದೆ, ಎರಡನೇ ಡೆರಿವೇಟಿವ್‌ಗೇ ಅರ್ಧ ಪುಟ ತುಂಬಿತ್ತು.

"ಯಾಕೋ, ಎಲ್ಲಿಗೆ ಬಂತು?" ಅಂದೆ.

"ಭಾಳ ಉದ್ದ ಆಗ್ಲಿಕ್ಕತ್ತದ ಅಕ್ಕಾ."

ನಾನು ಹೇಳೋಕೆ ಮುಂಚೆ ಪಕ್ಕದಲ್ಲಿದ್ದ ಹುಡುಗಿ, "ಲೋ, ಹೆನ್ಸ್ ಅಂತ ಇದೆ ನೋಡು. ಮೇಲಿಂದೇ ತಗೋಬೇಕು" ಅಂದಳು. ಅವನು ಸ್ವಲ್ಪ ಹೊತ್ತು ನೋಡಿದ. ಲಾಗ್ ಒಳಗಿನ ರೂಟ್ ಅರ್ಧ ಆಗಿ ಹೊರಗೆ ಬಂತು, ಭಾಗಾಕಾರ ಕಳೆಯೋದು ಆಯಿತು. ಒನ್ ಮೈನಸ್ ಎಕ್ಸ್‌ಗೆ ಹೊಸ ಸೀರೀಸ್ ಬೇಕಾ ಅಂತ ಕೇಳಿದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಎಕ್ಸ್ ಇರೋ ಕಡೆ ಮೈನಸ್ ಎಕ್ಸ್ ಹಾಕು" ಅಂದ. ಕಳೆದಾಗ ಸಮ ಘಾತಗಳೆಲ್ಲ ಹೋಗಿ ಬೆಸ ಘಾತಗಳು ಮಾತ್ರ ಉಳಿದವು: ಎಕ್ಸ್, ಎಕ್ಸ್ ಕ್ಯೂಬ್ ಬೈ 3, ಎಕ್ಸ್ ಪವರ್ 5 ಬೈ 5, ಹೀಗೆ. ನಾಲ್ಕು ಸಾಲಿನಲ್ಲಿ ಲೆಕ್ಕ ಮುಗೀತು.

ಅವನು ಪೆನ್ ಕೆಳಗಿಟ್ಟು, "ನನಗ ಒಬ್ಬಂಗ ತಿಳೀವಲ್ದು ಅಂತ ಮಾಡಿದ್ದೆ ಅಕ್ಕಾ" ಅಂದ. ಆಗ ಇನ್ನಿಬ್ಬರು ತಮ್ಮ ನೋಟ್‌ಬುಕ್ ತಿರುಗಿಸಿ ತೋರಿಸಿದರು. ಅವರೂ ಅರ್ಧ ಪುಟ ಡೆರಿವೇಟಿವ್ ತೆಗೆದು ಹೊಡೆದುಹಾಕಿದ್ದರು. ಅವರಲ್ಲಿ ಒಬ್ಬಳು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ.

ಅವತ್ತು ನಾನು ಒಂದು ಸ್ಟೆಪ್ ಕೂಡ ಹೇಳಿಕೊಟ್ಟಿಲ್ಲ. ಕನ್ನಡದಲ್ಲಿ ಮಾತಾಡಬಹುದು ಅನ್ನೋ ಒಂದು ರೂಮು ಇತ್ತು, ಅಷ್ಟೇ. ಪ್ರಶ್ನೆ ಇಂಗ್ಲಿಷ್‌ನಲ್ಲಿ ಇರಲಿ, ಉತ್ತರ ಇಂಗ್ಲಿಷ್‌ನಲ್ಲೇ ಬರೀಲಿ. ಮಧ್ಯದ ಯೋಚನೆ ಅವರವರ ಭಾಷೆಯಲ್ಲಿ ಆಗಲಿ. ಕ್ಲಾಸ್‌ನಲ್ಲಿ ಡೌಟ್ ಕೇಳೋಕೆ ಮೊದಲು ಇಂಗ್ಲಿಷ್ ವಾಕ್ಯ ಕಟ್ಟಬೇಕು, ಅದು ಕಟ್ಟೋ ಹೊತ್ತಿಗೆ ಸರ್ ಮುಂದಿನ ಸ್ಲೈಡ್‌ಗೆ ಹೋಗಿರ್ತಾರೆ. ಇಲ್ಲಿ ಆ ತೊಂದರೆ ಇಲ್ಲ. ಕನ್ನಡ ಬಾರದವರು ಗುಂಪಿಗೆ ಬಂದರೆ ಅವರಿಗೂ ಜಾಗ ಇದೆ. ಬಳಕೆ ಕನ್ನಡ ಪೇಪರ್ ಇರೋದರಿಂದ ಅವರಿಗೂ ನಮ್ಮಿಂದ ಒಂದು ಉಪಯೋಗ ಇದ್ದೇ ಇದೆ.

ಮಾಡೋದಾದರೆ ಹೀಗೆ

ಯಾವ ಸಬ್ಜೆಕ್ಟ್: ಹಿಂದಿನ ಬ್ಯಾಚ್‌ಗಳಲ್ಲಿ ಯಾವುದರಲ್ಲಿ ಹೆಚ್ಚು ಬ್ಯಾಕ್ ಉಳಿದಿದೆಯೋ ಅದು. ಡಿಪಾರ್ಟ್‌ಮೆಂಟ್‌ನಲ್ಲಿ ಕೇಳಿದರೆ ಗೊತ್ತಾಗುತ್ತೆ. ಮ್ಯಾಥ್ಸ್ ಇದ್ದೇ ಇರುತ್ತೆ. ಸಿ ಪ್ರೋಗ್ರಾಮಿಂಗ್ ಇರುತ್ತೆ, ಯಾಕಂದ್ರೆ ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡವರೂ ಬಯಾಲಜಿ ತಗೊಂಡವರೂ ಒಂದೇ ಬೆಂಚಿನಲ್ಲಿ ಕೂತಿರ್ತಾರೆ. ಡ್ರಾಯಿಂಗ್ ಕೂಡ, ಕಣ್ಣಿಗೆ ಕಾಣದ ಗೆರೆಯನ್ನ ಮನಸ್ಸಿನಲ್ಲಿ ತಿರುಗಿಸೋದು ಎಲ್ಲರಿಗೂ ಹೊಸದು.

ಯಾವಾಗ: ಮೊದಲ ಇಂಟರ್ನಲ್ಸ್‌ಗೆ ಮುಂಚೆಯೇ ಶುರು ಆಗಬೇಕು. ಇಂಟರ್ನಲ್ಸ್ ಆದ ಮೇಲೆ ಶುರು ಮಾಡಿದರೆ ಅದು ಮತ್ತೆ ಪಟ್ಟಿಯ ಕ್ಲಾಸೇ ಆಗುತ್ತೆ. ಕಾಲೇಜು ಬಿಟ್ಟ ಮೇಲೆ ಇಟ್ಟರೆ ಕಾಲೇಜ್ ಬಸ್‌ನಲ್ಲಿ ಹೋಗೋರು ಯಾರೂ ಬರೋಕಾಗಲ್ಲ. ಊಟದ ಬಿಡುವಿನಲ್ಲಿ ಒಂದು, ಲೈಬ್ರರಿ ಅವರ್‌ನಲ್ಲಿ ಒಂದು ಇಟ್ಟರೆ ಹಾಸ್ಟೆಲ್‌ನವರೂ ಬಸ್‌ನವರೂ ಸಿಗ್ತಾರೆ.

ಯಾರು: ಟಾಪರ್‌ಗಳೇ ಆಗಬೇಕಿಲ್ಲ, ಆ ಸಬ್ಜೆಕ್ಟ್ ಚೆನ್ನಾಗಿ ಮಾಡಿದವರು ಸಾಕು. ಎಲ್ಲಿ ತೊಡಕು ಬಂತು ಅನ್ನೋ ನೆನಪು ಇನ್ನೂ ಹಸಿಯಾಗಿರಬೇಕು, ಅದಕ್ಕೇ ಎರಡನೇ ವರ್ಷದವರು ಒಳ್ಳೇದು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರನ್ನ ಮರೀಬೇಡಿ. ಡ್ರಾಯಿಂಗ್, ವರ್ಕ್‌ಶಾಪ್‌ನಲ್ಲಿ ಅವರ ಕೈ ನಮಗಿಂತ ಪಳಗಿರುತ್ತೆ.

ಹೇಗೆ: ಆರು ಜನಕ್ಕೆ ಒಬ್ಬರು. ಮೆಂಟರ್ ಬೋರ್ಡ್ ಹತ್ತಿರ ನಿಲ್ಲಬಾರದು. ವಾಟ್ಸ್ಯಾಪ್ ಗ್ರೂಪ್ ಮಾಡಿ ನೋಟ್ಸ್ ಪಿಡಿಎಫ್ ತಳ್ಳೋದು ಮೆಂಟರಿಂಗ್ ಅಲ್ಲ, ಅದು ಕೊರಿಯರ್ ಕೆಲಸ. ತನ್ನ ಹಳೇ ಲ್ಯಾಬ್ ರೆಕಾರ್ಡ್ ಕಾಪಿ ಮಾಡೋಕೆ ಕೊಡೋದು ಸಹಾಯವೂ ಅಲ್ಲ, ವೈವಾದಲ್ಲಿ ಅದರ ಫಲ ಅವರೇ ಉಣ್ಣಬೇಕು. ಎರಡು ವಾರ ಸತತ ಬಾರದವರಿಗೆ ಮೆಂಟರೇ ಒಂದು ಫೋನ್ ಮಾಡಬೇಕು. "ಯಾಕೆ ಬರಲಿಲ್ಲ?" ಅಂತ ವಿಚಾರಣೆ ಬೇಡ, "ಊಟ ಆಯ್ತಾ?" ಅಂತ ಶುರು ಮಾಡಿದರೂ ಸಾಕು. ಯಾಕಂದ್ರೆ ತುಂಬಾ ಕಷ್ಟದಲ್ಲಿರೋರು ತಾವಾಗಿ ಬಂದು ಕೇಳಲ್ಲ.

ಮೊದಲ ವಾರದಲ್ಲೇ ಹೇಳಬೇಕಾದ ಮಾತುಗಳದ್ದು ಒಂದು ಚೀಟಿ ಇರಲಿ: ಪಾಸ್ ಆಗೋಕೆ ಒಟ್ಟು 40 ಬೇಕು, ಅಟೆಂಡೆನ್ಸ್ ಶೇಕಡಾ 85 ಇರಬೇಕು, ಸ್ಕಾಲರ್‌ಶಿಪ್ ಅರ್ಜಿ ಆಫೀಸಿನ ಯಾವ ಕಿಟಕಿ. ಸ್ಕೀಮ್ ಬದಲಾದರೆ ಚೀಟಿಯನ್ನೂ ಬದಲಾಯಿಸಿ. ನಮ್ಮ ಬ್ಯಾಚ್‌ನ ನಿಯಮ ಅವರಿಗೆ ಇರಲೇಬೇಕು ಅಂತಿಲ್ಲ.

ಮೆಂಟರ್‌ನಿಂದ ಆಗದ ಕೆಲಸ

ಮೆಂಟರ್ ಡಾಕ್ಟರ್ ಅಲ್ಲ, ಕೌನ್ಸೆಲರ್ ಅಲ್ಲ. ಜೂನಿಯರ್ ಒಬ್ಬರು ಊಟ ಬಿಟ್ಟಿದ್ದಾರೆ, ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನೋ ಥರ ಮಾತಾಡ್ತಿದ್ದಾರೆ ಅಂದ್ರೆ ಹತ್ತೊಂಬತ್ತು ವರ್ಷದ ನಾವು ಅದನ್ನ ಒಬ್ಬರೇ ಹೊತ್ತುಕೊಳ್ಳಬಾರದು. ಅವರನ್ನ ಒಂಟಿಯಾಗಿ ಬಿಡದೆ ಕೂಡಲೇ ಕಾಲೇಜಿನ ಕೌನ್ಸೆಲರ್‌ಗೆ, ನಂಬಿಕೆಯ ಲೆಕ್ಚರರ್‌ಗೆ, ವಾರ್ಡನ್‌ಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಯಾರಾದರೂ ರ‍್ಯಾಗಿಂಗ್ ಬಗ್ಗೆ ಹೇಳಿದರೆ 'ನಾವೂ ಅನುಭವಿಸಿದ್ವಿ' ಅನ್ನಬೇಡಿ. ಅದರ ಸಹಾಯವಾಣಿ 1800-180-5522. ಇವು ಬಿಟ್ಟು ಉಳಿದ ಮಾತು, ಮನೆಯ ವಿಷಯ, ಫೀಸ್ ವಿಷಯ, ಅಂಕದ ವಿಷಯ, ಆ ರೂಮಿನಿಂದ ಹೊರಗೆ ಬರಬಾರದು. ಒಂದು ಸಲ ಹೊರಗೆ ಬಂದರೆ ಮುಂದಿನ ವಾರ ಬೆಂಚು ಖಾಲಿ.

ಇದರಿಂದ ನಮಗೇನು ಸಿಗುತ್ತೆ ಅಂತ ಕೇಳೋರಿಗೂ ಉತ್ತರ ಇದೆ. ಟೇಲರ್ ಸೀರೀಸ್ ಯಾಕೆ ಕೆಲಸ ಮಾಡುತ್ತೆ ಅಂತ ಆರು ಜನ ಆರು ರೀತಿ ಕೇಳಿದಾಗ ಮಾತ್ರ ನಮಗೆ ಎಷ್ಟು ಬರುತ್ತೆ ಅಂತ ಗೊತ್ತಾಗೋದು. ನಾನು ಮೂರನೇ ಸೆಮ್ ಮ್ಯಾಥ್ಸ್‌ಗೆ ಅರ್ಧ ತಯಾರಿ ಮಾಡಿದ್ದು ಜೂನಿಯರ್ಸ್ ಡೌಟ್‌ಗಳಿಂದ. ಜೊತೆಗೆ 'ಸಮಾಕಲನ' ಅಂದ್ರೆ ಇಂಟಿಗ್ರೇಶನ್ ಅಂತ ನನಗೆ ಹೇಳಿಕೊಟ್ಟಿದ್ದೂ ಜೂನಿಯರ್ಸೇ.

ಮುಂದಿನ ಬ್ಯಾಚ್ ಬರೋಕೆ ಮುಂಚೆ ನಮ್ಮ ಸಂಘದಿಂದ ಎರಡು ಸಬ್ಜೆಕ್ಟ್‌ಗೆ ಗುಂಪು ಮಾಡೋ ಯೋಚನೆ ಇದೆ: ಮ್ಯಾಥ್ಸ್ ಮತ್ತು ಸಿ. ಎರಡನೇ ವರ್ಷದವರು ವಾರಕ್ಕೆ ಎರಡು ಗಂಟೆ ಕೊಡ್ತೀರಾದರೆ ಸಂಘದ ಯಾರಿಗಾದರೂ ಹೆಸರು ಕೊಡಿ. ಆ ಹೆಸರುಗಳದ್ದೂ ಒಂದು ಪಟ್ಟಿ ಆಗುತ್ತೆ. ಅದನ್ನ ಮಾತ್ರ ನೋಟಿಸ್ ಬೋರ್ಡಿಗೆ ಹಾಕೋಣ.